ಕಲ್ಲು ನೋಡೋಕೆ ಚೀನಾದವರೆಗೆ ಹೋಗಬೇಕಾ?

ಹೋದ ಸಂಚಿಕೆಯಲ್ಲಿ ಒಂದೇ ಒಂದು ಫೋಟೊ ಹಾಕಿದ್ದೆ. ಮಂಜಿನ ನಡುವೆ ಕಂಬದ ಹಾಗೆ ಎದ್ದು ನಿಂತ ಕಲ್ಲುಗಳು, ತಲೆ ಮೇಲೆ ಪೈನ್ ಮರ. ಚೀನಾದ ಹುನಾನ್ ಪ್ರಾಂತ್ಯದ ಜಾಂಗ್‌ಜಿಯಾಜಿಯೆ ರಾಷ್ಟ್ರೀಯ ಅರಣ್ಯ ಉದ್ಯಾನ. 2019ರ ನವೆಂಬರ್‌ನಲ್ಲಿ ತಂಗಿ ಮಗಳ ಜೊತೆ ಹೋದಾಗ ತೆಗೆದದ್ದು. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಅರ್ಧಕ್ಕರ್ಧ ಕೊಪ್ಪಳ, ಗಂಗಾವತಿ ಕಡೆಯವು. ಕಲ್ಲಿನ ಊರಿನವರಿಗೆ ಕಲ್ಲಿನ ಮೇಲೆ ಕಣ್ಣು ಜಾಸ್ತಿ, ಅಲ್ವಾ? ಈ ಸಲ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ಆ ಫೋಟೊ ನಿಜದ್ದಾ? ಅವತಾರ್ ಸಿನಿಮಾದಲ್ಲಿ ಗುಡ್ಡಗಳು ಗಾಳಿಯಲ್ಲಿ ತೇಲುತ್ತವಲ್ಲ, ಥೇಟ್ ಹಾಗೇ ಕಾಣುತ್ತದೆ. ಫ್ರೆಂಡ್ಸ್ ಎಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ಅಂತಾರೆ.
(ಪದವಿ ವಿದ್ಯಾರ್ಥಿ, ಕೊಪ್ಪಳ)

ನಿಜದ್ದೇ ತಮ್ಮಾ. ನಿನ್ನ ಗೆಳೆಯರಿಗೆ ಈ ಪುಟ ತೋರಿಸು. ತೇಲೋದಿಲ್ಲ ಅನ್ನೋದೊಂದೇ ವ್ಯತ್ಯಾಸ. ಆದರೆ ಬುಡದಲ್ಲಿ ಮಂಜು ತುಂಬಿಕೊಂಡಾಗ ತಲೆ ಮಾತ್ರ ಕಾಣುತ್ತದೆ, ಆಗ ತೇಲಿದ ಹಾಗೇ ಅನ್ನಿಸುತ್ತದೆ. 2009ರ ಕೊನೆಗೆ ಆ ಸಿನಿಮಾ ಬಂತು, 2010ರ ಜನವರಿಯಲ್ಲಿ ಅಲ್ಲಿನವರು ಒಂದು ಕಂಬಕ್ಕೆ 'ಅವತಾರ್ ಹಲ್ಲೆಲೂಯ ಪರ್ವತ' ಅಂತ ಹೆಸರು ಇಟ್ಟುಬಿಟ್ಟರು. ಅದಕ್ಕೂ ಮೊದಲು ಅದು 'ದಕ್ಷಿಣದ ಆಕಾಶ ಕಂಬ'. ನನಗೆ ಹಳೆಯ ಹೆಸರೇ ಇಷ್ಟ. ಹಾಗಂತ ಯಾರು ಕೇಳಬೇಕು, ಅಲ್ಲಿ ಹೋದರೆ ಸಿನಿಮಾದ ಹಕ್ಕಿಯ ಬೊಂಬೆ ಮೇಲೆ ಕೂತು ಫೋಟೊ ತೆಗೆಸಿಕೊಳ್ಳೋರ ಸಾಲೇ ದೊಡ್ಡದು.

ಇನ್ನೊಂದು ವಿಷಯ. ಆ ಕಂಬ 1,080 ಮೀಟರ್ ಎತ್ತರ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಸಮುದ್ರ ಮಟ್ಟದಿಂದ ಲೆಕ್ಕ, ಕಂಬದ ಬುಡದಿಂದ ಅಲ್ಲ. ಹಾಗೆ ನೋಡಿದರೆ ಬಳ್ಳಾರಿ ಬ್ರೂಸ್‌ಪೇಟೆಯಲ್ಲಿ ಚಹಾ ಕುಡಿಯುತ್ತ ನಿಂತವರೂ ಸಮುದ್ರದಿಂದ 400 ಮೀಟರ್‌ಗಿಂತ ಎತ್ತರದಲ್ಲೇ ನಿಂತಿರುತ್ತಾರೆ! ಬುಡದಿಂದ ಅಳೆದರೂ ಕಡಿಮೆ ಏನಿಲ್ಲ ಬಿಡು. ಈ ಉದ್ಯಾನವೂ ಸೇರಿದ ಇಡೀ ವುಲಿಂಗ್ಯುವಾನ್ ಪ್ರದೇಶದಲ್ಲಿ ಇಂಥ ಕಂಬಗಳು, ಶಿಖರಗಳು 3,000ಕ್ಕೂ ಹೆಚ್ಚು, ಅದರಲ್ಲಿ ಬೇಕಾದಷ್ಟು 200 ಮೀಟರ್ ದಾಟಿದವು. 1982ರಲ್ಲಿ ಜಾಂಗ್‌ಜಿಯಾಜಿಯೆ ಚೀನಾದ ಮೊದಲ ರಾಷ್ಟ್ರೀಯ ಅರಣ್ಯ ಉದ್ಯಾನ ಆಯಿತು, 1992ರಲ್ಲಿ ವುಲಿಂಗ್ಯುವಾನ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಿನಿಮಾ ಬರೋಕೆ ಎಷ್ಟೋ ವರ್ಷ ಮೊದಲು.

ಪ್ರಶ್ನೆ: ಮೇಡಂ, ನಮ್ಮ ಹೊಲದ ಬದುವಿನಲ್ಲೇ ಮನೆ ಗಾತ್ರದ ಗುಂಡುಗಳಿವೆ. ಆನೆಗೊಂದಿಯಿಂದ ಸಣಾಪುರದವರೆಗೆ ಎಲ್ಲಿ ನೋಡಿದರೂ ಕಲ್ಲೇ. ಅಷ್ಟು ದುಡ್ಡು ಸುರಿದು ಚೀನಾಕ್ಕೆ ಹೋಗಿ ಮತ್ತೆ ಕಲ್ಲೇ ನೋಡೋದಾ? ಅಲ್ಲದೆ ನಮ್ಮವು ಯಾಕೆ ದುಂಡಗೆ, ಅವು ಯಾಕೆ ಉದ್ದಕ್ಕೆ?
(ಭತ್ತ ಬೆಳೆಗಾರರು, ಗಂಗಾವತಿ ತಾಲ್ಲೂಕು)

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಎರಡನೆಯದರಲ್ಲಿದೆ ಅಣ್ಣಾವರೇ. ಎರಡೂ ಕಲ್ಲೇ, ಆದರೆ ಎರಡೂ ಬೇರೆ ಬೇರೆ ಮನೆತನ.

ನಿಮ್ಮ ಬದುವಿನಲ್ಲಿರೋದು ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಿಂದೆ ನೆಲದ ಆಳದಲ್ಲಿ ಕರಗಿದ್ದ ಶಿಲಾರಸ ನಿಧಾನಕ್ಕೆ ಆರಿ ಗಟ್ಟಿಯಾದದ್ದು. ಆಮೇಲೆ ಅದರಲ್ಲಿ ಅಡ್ಡಕ್ಕೆ, ಉದ್ದಕ್ಕೆ ಬಿರುಕು ಬಂದವು, ಅಂದರೆ ನೆಲದೊಳಗೇ ದೊಡ್ಡ ದೊಡ್ಡ ಚೌಕಗಳಾದವು. ಆ ಬಿರುಕಿಗೆ ನೀರು ಇಳಿಯಿತು. ಗ್ರಾನೈಟ್‌ನಲ್ಲಿ ಫೆಲ್ಡ್‌ಸ್ಪಾರ್ ಅಂತ ಒಂದು ಖನಿಜ ಇರುತ್ತದೆ, ನೀರು ಸೋಕಿ ಸೋಕಿ ಅದು ಜೇಡಿಮಣ್ಣಾಗುತ್ತದೆ. ಮಳೆಗಾಲದಲ್ಲಿ ಬೆಲ್ಲದ ಅಚ್ಚು ಹೊರಗೆ ಇಟ್ಟು ನೋಡಿದ್ದೀರಲ್ಲ? ಮೊದಲು ನೀರೊಡೆಯೋದು ಮೂಲೆ. ಮೂಲೆಗೆ ಮೂರು ಕಡೆಯಿಂದ ತೇವ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಚೌಕ ಇದ್ದದ್ದು ಗುಂಡಾಗುತ್ತದೆ. ಮೇಲಿನ ಮಣ್ಣೆಲ್ಲ ಕೊಚ್ಚಿಹೋದ ಮೇಲೆ ಗುಂಡಿನ ಮೇಲೆ ಗುಂಡು ಉಳಿದುಕೊಂಡವು. ಯಾರೋ ರಾಕ್ಷಸ ಎತ್ತಿಟ್ಟ ಹಾಗೆ ಕಾಣುತ್ತವೆ, ಆದರೆ ಯಾರೂ ಎತ್ತಿಟ್ಟಿಲ್ಲ. ಹುಟ್ಟಿದ ಜಾಗದಲ್ಲೇ ಕೂತಿವೆ.

ಅಲ್ಲಿಯದು ಮರಳುಗಲ್ಲು. ಸುಮಾರು 38 ಕೋಟಿ ವರ್ಷದ ಹಿಂದೆ ಸಮುದ್ರದ ಅಂಚಿನಲ್ಲಿ ಪದರ ಪದರವಾಗಿ ಕೂತ ಮರಳು ಗಟ್ಟಿಯಾದದ್ದು. ನಮ್ಮ ಕಲ್ಲಿನ ಮುಂದೆ ಅದು ಮೊಮ್ಮಗು. ಆ ಪದರಗಳು ಹೆಚ್ಚು ಓರೆಯಾಗದೆ ಮಟ್ಟಸವಾಗಿ ಮೇಲಕ್ಕೆ ಎದ್ದವು. ಬಿರುಕು ಬಂದದ್ದು ನೆಟ್ಟಗೆ, ಮೇಲಿಂದ ಕೆಳಗೆ. ಖಡಕ್ ರೊಟ್ಟಿಯ ಥಪ್ಪಿಯನ್ನು ಚಾಕುವಿನಲ್ಲಿ ನೆಟ್ಟಗೆ ಸೀಳಿದರೆ ಹೇಗೆ, ಹಾಗೆ. ಮರಳಿನಲ್ಲಿ ಇರೋದು ಬಹುಪಾಲು ಕ್ವಾರ್ಟ್ಸ್ ಅನ್ನೋ ಖನಿಜ, ಅದು ನೀರಿಗೆ ಸುಲಭಕ್ಕೆ ಕರಗೋದಲ್ಲ. ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಗಿಡದ ಬೇರು ಬೇರೆ ನುಗ್ಗುತ್ತದೆ, ಒಂದು ಚಕ್ಕೆ ಕಳಚಿ ಬೀಳುತ್ತದೆ. ಕರಗಿ ಸವೆಯೋ ಬದಲು ಒಡೆದು ಬೀಳೋದರಿಂದ ಗೋಡೆ ನೆಟ್ಟಗೇ ಉಳಿಯುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ನಂಬಿಕೆ ಬಂದದ್ದು ಒಂದು ಕಂಬದ ಬುಡಕ್ಕೆ ಹೋಗಿ ಕೈ ಇಟ್ಟಾಗ. ನಮ್ಮ ಗುಂಡು ಸವರಿದರೆ ದಪ್ಪ ಹರಳುಗಳು ಕೈಗೆ ಸಿಗುತ್ತವೆ. ಅಲ್ಲಿಯದು ಬಡಗಿ ಮರಕ್ಕೆ ಉಜ್ಜೋ ಕಾಗದದ ಹಾಗಿತ್ತು, ಸಣ್ಣ ತರಿ, ಕೆಂಪು ಮಿಶ್ರ ಬೂದು ಬಣ್ಣ, ಅಡ್ಡಕ್ಕೆ ಗೆರೆಗೆರೆ. ಒಂದು ಗೆರೆಯ ಸಂದಿಯಲ್ಲಿ ನನ್ನ ಬೆರಳು ಹೋಗದಷ್ಟು ಜಾಗ. ಅದರೊಳಗಿಂದ ಒಂದು ಪೈನ್ ಸಸಿ ಹೊರಗೆ ತಲೆ ಹಾಕಿತ್ತು. ಮಣ್ಣು ಅನ್ನೋದು ಒಂದು ಚಮಚೆಯಷ್ಟೂ ಇರಲಿಲ್ಲ. ನಮ್ಮ ಗುಡ್ಡದಲ್ಲಿ ಹಸಿರು ಕಾಣಬೇಕು ಅಂದರೆ ಮಳೆ ಬಿದ್ದು ಹುಲ್ಲು ಬರಬೇಕು, ಅಲ್ಲಿ ಕಲ್ಲಿನ ನೆತ್ತಿ ಮೇಲೇ ಕಾಡು.

ಹಾಗಾಗಿ 'ಮತ್ತೆ ಕಲ್ಲೇನಾ' ಅನ್ನಬೇಡಿ. ನಿಮ್ಮಷ್ಟು ಕಲ್ಲು ನೋಡಿದವರಿಗೇ ಅಲ್ಲಿ ಜಾಸ್ತಿ ಕಾಣೋದು. ಹೋಗದಿದ್ದರೂ ನಷ್ಟ ಇಲ್ಲ, ಅದು ಬೇರೆ ಮಾತು.

ಪ್ರಶ್ನೆ: ಟೂರಿನವರು ಒಂದೇ ದಿನದಲ್ಲಿ ಅರಣ್ಯ ಉದ್ಯಾನ, ಗಾಜಿನ ಸೇತುವೆ, ತಿಯಾನ್‌ಮೆನ್ ಬೆಟ್ಟ ಮೂರನ್ನೂ ತೋರಿಸುತ್ತೇವೆ ಅಂತಿದ್ದಾರೆ. ಮುಗಿಯುತ್ತಾ?
(ಬಟ್ಟೆ ವ್ಯಾಪಾರಿ, ಬಳ್ಳಾರಿ)

ಮುಗಿಯುತ್ತದೆ, ನೋಡೋದಲ್ಲ, ನೀವು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಇವು ಮೂರೂ ಒಂದೇ ಜಾಗ ಅಲ್ಲ, ಮೂರಕ್ಕೂ ಬೇರೆ ಬೇರೆ ಟಿಕೆಟ್. ಜಾಂಗ್‌ಜಿಯಾಜಿಯೆ ಅಂತ ಒಂದು ಊರೂ ಇದೆ. ಮೊದಲು ಅದು ದಾಯೊಂಗ್, 1994ರಲ್ಲಿ ಉದ್ಯಾನದ ಹೆಸರನ್ನೇ ಊರಿಗೆ ಇಟ್ಟರು. ತಿಯಾನ್‌ಮೆನ್ ಅಂದರೆ 'ಆಕಾಶದ ಬಾಗಿಲು', ಆ ಊರಿನ ಪಕ್ಕದ ಸುಣ್ಣಕಲ್ಲಿನ ಬೆಟ್ಟ, ಮಧ್ಯದಲ್ಲಿ 131 ಮೀಟರ್ ಎತ್ತರದ ದೊಡ್ಡ ತೂತು, ಅದಕ್ಕೆ ಹತ್ತೋಕೆ 999 ಮೆಟ್ಟಿಲು. ಊರ ಮಧ್ಯದಿಂದಲೇ ಏಳೂವರೆ ಕಿಲೋಮೀಟರ್ ಉದ್ದದ ಕೇಬಲ್ ಕಾರ್ ಇದೆ, ಮನೆಗಳ ಮಾಳಿಗೆ ಮೇಲೆ ಹಾದುಹೋಗುತ್ತದೆ. ಕಂಬಗಳಿರೋ ಅರಣ್ಯ ಉದ್ಯಾನ ಅಲ್ಲಿಂದ ಸುಮಾರು 30 ಕಿಲೋಮೀಟರ್. ಗಾಜಿನ ಸೇತುವೆ ಇನ್ನೊಂದು ಕಡೆಯ ಕಣಿವೆಯಲ್ಲಿ.

ನಾವೂ ಇಂಥದ್ದೇ ಒಂದು ಪ್ಯಾಕೇಜಿನಲ್ಲಿ ಹೋಗಿ ಕೈ ಸುಟ್ಟುಕೊಂಡವರು. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಬಸ್ಸಿಗೆ ತುಂಬಿದರು. ಗೈಡಮ್ಮನ ಕೈಯಲ್ಲಿ ಹಳದಿ ಬಾವುಟ, ಸೊಂಟಕ್ಕೆ ಸ್ಪೀಕರ್. ಗೇಟಿನಲ್ಲಿ ಕಾರ್ಡ್ ಕೊಟ್ಟು ಹೆಬ್ಬೆರಳು ಒತ್ತಿಸಿಕೊಂಡರು, ಥೇಟ್ ನಮ್ಮ ರೇಷನ್ ಅಂಗಡಿ. ಲಿಫ್ಟಿನ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಮೇಲೆ ಹೋದರೆ ಮಂಜು. ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ, ಕಟಕಟೆಯಿಂದ ಆಚೆ ಏನೂ ಇಲ್ಲ. ಇಪ್ಪತ್ತು ನಿಮಿಷ ಅಷ್ಟೇ, ಬಾವುಟ ಹೊರಟೇಬಿಟ್ಟಿತು. ಆಮೇಲೆ ಒಂದು ಚಹಾಪುಡಿ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿದರು! ಅಲ್ಲಿ ಮಾತ್ರ ಅವಸರವೇ ಇಲ್ಲ.

ರಾತ್ರಿ ತಂಗಿ ಮಗಳು ಟಿಕೆಟ್ ಕಾರ್ಡ್ ತಿರುಗಿಸಿ ನೋಡಿದಳು. ನಾಲ್ಕು ದಿನಕ್ಕೆ ನಡೆಯುತ್ತದೆ ಅಂತ ಇತ್ತು. ಯಾರೂ ನಮಗೆ ಹೇಳಿರಲಿಲ್ಲ. ಮಾರನೇ ದಿನ ಬಸ್ಸು ಬಿಟ್ಟೆವು, ಉಳಿದ ದುಡ್ಡು ಹೋಗಲಿ ಅಂತ. ಇಬ್ಬರೇ ಮತ್ತೆ ಒಳಗೆ ಹೋಗಿ ಈ ಸಲ ಮೇಲೆ ಹತ್ತದೆ ಕೆಳಗಿನ ಹಳ್ಳದ ಗುಂಟ ನಡೆದೆವು. 'ಚಿನ್ನದ ಚಾವಟಿ ಹಳ್ಳ' ಅಂತ ಅದರ ಹೆಸರು, ಆರೇಳು ಕಿಲೋಮೀಟರ್, ಬಹುತೇಕ ಮಟ್ಟಸ ದಾರಿ. ಎರಡೂ ಕಡೆ ಕಂಬಗಳು, ಕತ್ತೆತ್ತಿ ನೋಡಬೇಕು. ಬೆನ್ನಿಗೆ ಬಿದಿರಿನ ಬುಟ್ಟಿ ಕಟ್ಟಿಕೊಂಡ ಒಬ್ಬ ಅಜ್ಜಿ ನಮ್ಮ ಮುಂದೆ ಮುಂದೆ ಹೋಗುತ್ತಿದ್ದಳು, ಬುಟ್ಟಿಯಲ್ಲಿ ಸೌತೆಕಾಯಿ. ತುಜಿಯಾ ಜನಾಂಗದವರು ಆ ಕಡೆ ಹೆಚ್ಚು, ಬೆನ್ನಬುಟ್ಟಿ ಅವರದು. ಎರಡು ಸೌತೆಕಾಯಿ ಕೊಂಡು ಕಲ್ಲಿನ ಮೇಲೆ ಕೂತು ತಿನ್ನುತ್ತಿದ್ದೆವು. ಹನ್ನೊಂದರ ಹೊತ್ತಿಗೆ ಮಂಜು ಹರಿಯಿತು. ಒಂದೇ ಸಲಕ್ಕಲ್ಲ. ಮೊದಲು ಒಂದು ಕಂಬದ ನಡು ಕಂಡಿತು, ಬುಡವೂ ಇಲ್ಲ, ತಲೆಯೂ ಇಲ್ಲ. ಆಮೇಲೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಇಷ್ಟು ಹೊತ್ತು ನಾವು ಆಕಾಶ ಅಂದುಕೊಂಡು ನೋಡುತ್ತಿದ್ದದ್ದೆಲ್ಲ ಕಲ್ಲೇ ಆಗಿತ್ತು. ತಂಗಿ ಮಗಳು ಸೌತೆಕಾಯಿ ಬಾಯಲ್ಲಿಟ್ಟುಕೊಂಡೇ ಕೂತುಬಿಟ್ಟಳು. ಹೋದ ಸಂಚಿಕೆಯ ಫೋಟೊ ಅಲ್ಲಿಯದೇ.

ಉದ್ಯಾನಕ್ಕೇ ಎರಡು ದಿನ ಇಡಿ, ಮೂರಾದರೆ ಇನ್ನೂ ಒಳ್ಳೆಯದು. ತಿಯಾನ್‌ಮೆನ್‌ಗೆ ಒಂದು ದಿನ. ಗಾಜಿನ ಸೇತುವೆ ಬಿಟ್ಟರೂ ನಡೆಯುತ್ತದೆ. ಮಂಜು ಬಿದ್ದ ದಿನ ಮೇಲೆ ಹೋಗೋ ಹಟ ಬೇಡ, ಕೆಳಗೆ ನಡೆಯಿರಿ. ಮಳೆ ನಿಂತ ಮಾರನೇ ಬೆಳಿಗ್ಗೆ ಮೇಲೆ ಹೋಗಿ, ಮೋಡ ಕಣಿವೆಯಲ್ಲಿ ಕೆಳಗೆ ಇರುತ್ತದೆ, ನೀವು ಮೇಲಿರುತ್ತೀರಿ.

ಪ್ರಶ್ನೆ: ನಮ್ಮ ಅಮ್ಮನಿಗೆ 68. ಮಂಡಿನೋವು. ಮೆಟ್ಟಿಲು ಹತ್ತೋಕೆ ಆಗೋದಿಲ್ಲ, ಆದರೆ ಹೋಗಲೇಬೇಕು ಅಂತ ಕೂತಿದ್ದಾರೆ. ಕರ್ಕೊಂಡು ಹೋಗಬಹುದಾ?
(ಶಿಕ್ಷಕಿ, ಸಿಂಧನೂರು)

ಕರ್ಕೊಂಡು ಹೋಗಿ ಅಮ್ಮಾ, ಆದರೆ ಲೆಕ್ಕ ಹಾಕಿ ಹೋಗಿ. ಗುಡ್ಡದ ಮೈಗೇ ಅಂಟಿಸಿದ ಲಿಫ್ಟ್ ಇದೆ, ಬೈಲೊಂಗ್ ಅಂತ ಹೆಸರು, 326 ಮೀಟರ್. ಕೆಳಗಿನ ಅರ್ಧ ಕಲ್ಲಿನ ಒಳಗೆ, ಮೇಲಿನ ಅರ್ಧ ಹೊರಗೆ ಗಾಜಿನಲ್ಲಿ. ಕತ್ತಲೆಯಲ್ಲಿ ಹೊರಟವರು ಒಮ್ಮೆಗೇ ಬೆಳಕಿಗೆ ಬಂದು, ಎದುರಿಗೆ ಕಂಬಗಳನ್ನು ನೋಡುತ್ತ ಎರಡು ನಿಮಿಷದೊಳಗೆ ಮೇಲೆ ಇರುತ್ತಾರೆ. 2002ರಲ್ಲಿ ಅದು ಶುರುವಾದಾಗ ಗುಡ್ಡ ಹಾಳು ಮಾಡಿದರು ಅಂತ ದೊಡ್ಡ ಜಗಳವೇ ಆಯಿತು. ಜಗಳ ಮಾಡಿದವರ ಮಾತು ಸುಳ್ಳಲ್ಲ. ಆದರೆ ನಿಮ್ಮ ಅಮ್ಮನಂಥವರನ್ನು ಅಲ್ಲಿ ಎಷ್ಟೊಂದು ಜನ ನೋಡಿದೆ, ಅವರ ಮುಖ ನೋಡಿದ ಮೇಲೆ ನನಗೂ ಬೈಯೋಕೆ ಬಾಯಿ ಬರಲಿಲ್ಲ.

ಉದ್ಯಾನದ ಕಡೆಯದೇ ಆದ ತಿಯಾನ್‌ಜಿ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉದ್ಯಾನದ್ದೇ ಬಸ್ಸುಗಳು, ಅವು ಟಿಕೆಟ್ಟಿನಲ್ಲೇ ಸೇರಿವೆ. ಲಿಫ್ಟು, ಕೇಬಲ್ ಕಾರಿಗೆ ಬೇರೆ ದುಡ್ಡು. ಆದರೂ ಬಸ್ಸಿಳಿದು ಕಟಕಟೆಯವರೆಗೆ ಹೋಗೋಕೆ ಸಣ್ಣಪುಟ್ಟ ಮೆಟ್ಟಿಲು ಇದ್ದೇ ಇರುತ್ತವೆ, ಪೂರ್ತಿ ಮೆಟ್ಟಿಲೇ ಇಲ್ಲ ಅಂತ ಟೂರಿನವರು ಹೇಳಿದರೆ ನಂಬಬೇಡಿ. ಇಳಿಯೋದು ಮಂಡಿಗೆ ಹತ್ತೋದಕ್ಕಿಂತ ಕಷ್ಟ, ಹಾಗಾಗಿ ಇಳಿಯುವಾಗಲೂ ಲಿಫ್ಟೇ ಹಿಡಿಯಿರಿ, ನಡೆದು ಇಳಿಯೋಣ ಅನ್ನೋ ಉಮೇದು ಬೇಡ. ಚಿನ್ನದ ಚಾವಟಿ ಹಳ್ಳದಲ್ಲಿ ಗೇಟಿನಿಂದ ಒಂದೆರಡು ಕಿಲೋಮೀಟರ್ ಹೋಗಿ ವಾಪಸ್ ಬಂದರೂ ಸಾಕು. ಇಬ್ಬರು ಹೊತ್ತೊಯ್ಯುವ ಬಿದಿರಿನ ಕುರ್ಚಿಗಳೂ ಸಿಗುತ್ತವೆ, ಕೂರೋ ಮೊದಲೇ ರೇಟು ಮಾತಾಡಿ, ಒಬ್ಬರಿಗಾ ಇಬ್ಬರಿಗಾ ಅನ್ನೋದನ್ನೂ ಕೇಳಿ. ಅಂಜನಾದ್ರಿಯ 575 ಮೆಟ್ಟಿಲನ್ನು ನಿಮ್ಮ ಅಮ್ಮ ಈಚೆಗೆ ಹತ್ತಿದ್ದಾರಾ? ಹತ್ತಿದ್ದರೆ ಇದ್ಯಾವುದೂ ಬೇಕಾಗೋದಿಲ್ಲ, ನಿಮ್ಮನ್ನೇ ಅವರು ಕರ್ಕೊಂಡು ಹೋಗುತ್ತಾರೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಉಪವಾಸವೇ ಗತಿಯಾ?
(ಗೃಹಿಣಿ, ರಾಯಚೂರು)

ಉಪವಾಸ ಇಲ್ಲ, ಅನುಮಾನ ಇದೆ. ಹುನಾನ್ ಅಂದರೆ ಅನ್ನ, ಖಾರದ ಸೀಮೆ, ಅಂದರೆ ನಮ್ಮ ಕಡೆಯವರಿಗೆ ಬಾಯಿ ರುಚಿ ಕೆಡೋದಿಲ್ಲ. ಕೆಂಪು ಮೆಣಸಿನಕಾಯಿ ಕೊಚ್ಚಿ ಉಪ್ಪು ಹಾಕಿ ಜಾಡಿಯಲ್ಲಿ ಹುಳಿ ಬರಿಸುತ್ತಾರೆ, ನಮ್ಮ ರಂಜಕದ ಅಕ್ಕನೋ ತಂಗಿಯೋ ಇರಬೇಕು. ಕಷ್ಟ ಎಲ್ಲಿ ಅಂದರೆ, ಬರೀ ಬೀನ್ಸ್ ಪಲ್ಯ ಅಂತ ತರಿಸಿದರೂ ಅದರಲ್ಲಿ ಹಂದಿ ಮಾಂಸದ ಪುಡಿ ಉದುರಿಸಿರುತ್ತಾರೆ, ಇಲ್ಲ ಹಂದಿ ಕೊಬ್ಬಿನಲ್ಲೇ ಒಗ್ಗರಣೆ. ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಮಾಂಸ, ಮೀನು, ಮೊಟ್ಟೆ, ಪ್ರಾಣಿ ಕೊಬ್ಬು ಏನೂ ಬೇಡ ಅಂತ ಚೀನಿ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಇಟ್ಟುಕೊಳ್ಳಿ, ಅಡುಗೆಯವನ ಕೈಗೇ ಕೊಡಿ. ಸೊಯಾ ಹಾಲಿನ ತೋಫು, ಅನ್ನ, ಸೊಪ್ಪು, ಸುಟ್ಟ ಗೆಣಸು, ಮೆಕ್ಕೆಜೋಳ ಸಿಗುತ್ತವೆ. ಬ್ಯಾಗಿನಲ್ಲಿ ಖಡಕ್ ರೊಟ್ಟಿ ಇರಲಿ. ಹಸಿ ಹಣ್ಣು, ತರಕಾರಿ, ಮನೆಯ ತುಪ್ಪ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ.

ಪ್ರಶ್ನೆ: ಗಾಜಿನ ಸೇತುವೆ ಮೇಲೆ ನಡೆದರೆ ತಲೆ ಸುತ್ತುತ್ತದಾ? ಒಡೆಯೋದಿಲ್ಲ ತಾನೇ?
(ಸಿರುಗುಪ್ಪ)

ಒಡೆಯೋದಿಲ್ಲ. 430 ಮೀಟರ್ ಉದ್ದ, ಕೆಳಗೆ ಸುಮಾರು 300 ಮೀಟರ್ ಆಳ. 2016ರ ಆಗಸ್ಟ್‌ನಲ್ಲಿ ತೆರೆದರು, ಹದಿಮೂರು ದಿನಕ್ಕೇ ಮುಚ್ಚಿದರು. ಗಾಜು ಒಡೆದು ಅಲ್ಲ, ಜನ ಜಾಸ್ತಿಯಾಗಿ! ಸೆಪ್ಟೆಂಬರ್ ಕೊನೆಗೆ ಮತ್ತೆ ತೆರೆದರು. ಸೇತುವೆ 6 ಮೀಟರ್ ಅಗಲ ಇದೆ, ಮಧ್ಯದಲ್ಲಿ ನಡೆದರೆ ಅಷ್ಟೇನೂ ಭಯ ಇಲ್ಲ. ನನಗೆ ತಲೆ ಸುತ್ತಲಿಲ್ಲ, ಬೇಜಾರಾಯಿತು. ಎಲ್ಲರೂ ಕೆಳಗೆ ನೋಡುತ್ತಾರೆ, ಸುತ್ತ ನೋಡೋರೇ ಇಲ್ಲ.

ಪ್ರಶ್ನೆ: ಯಾವ ತಿಂಗಳು ಹೋಗಬೇಕು? ಹೇಗೆ ಹೋಗಬೇಕು? ಅಲ್ಲಿ ಫೋನ್‌ಪೇ ನಡೆಯುತ್ತಾ?
(ಹಲವರು)

ಏಪ್ರಿಲ್, ಮೇ ಇಲ್ಲ ಸೆಪ್ಟೆಂಬರ್ ನಡುವಿನಿಂದ ನವೆಂಬರ್. ಆದರೆ ಅಕ್ಟೋಬರ್ 1ರಿಂದ ಒಂದು ವಾರ ಅವರ ರಾಷ್ಟ್ರೀಯ ರಜೆ, ಮೇ 1ರ ಸುತ್ತ ಇನ್ನೊಂದು. ಆ ದಿನಗಳಲ್ಲಿ ಹೋದರೆ ಕಲ್ಲು ಕಾಣೋದಿಲ್ಲ, ತಲೆ ಕಾಣುತ್ತವೆ. ಜೂನ್, ಜುಲೈ ಮಳೆ. ಚಳಿಗಾಲದಲ್ಲಿ ಹಿಮ ಬೀಳೋದೂ ಉಂಟು, ನೋಡೋಕೆ ಚೆಂದ, ಬಳ್ಳಾರಿ ಬಿಸಿಲಿನ ಮೈಗೆ ಕಷ್ಟ.

ವೀಸಾ ಮೊದಲು, ವಿಮಾನದ ಟಿಕೆಟ್ ಆಮೇಲೆ. ಹುನಾನ್ ರಾಜಧಾನಿ ಚಾಂಗ್ಶಾವರೆಗೆ ವಿಮಾನ. ಅಲ್ಲಿಂದ ನಾವು ಬಸ್ಸಿನಲ್ಲಿ ನಾಲ್ಕೈದು ಗಂಟೆ ಕುಲುಕಾಡಿಕೊಂಡು ಹೋದೆವು, ಈಗ ವೇಗದ ರೈಲು ಬಂದಿದೆ. ಫೋನ್‌ಪೇ ನಂಬಿಕೊಂಡು ಹೋಗಬೇಡಿ. ವಾಟ್ಸ್ಯಾಪ್, ಗೂಗಲ್ ಮ್ಯಾಪ್ ಕೂಡ ಅಲ್ಲಿ ಮಾಮೂಲಾಗಿ ತೆರೆಯೋದಿಲ್ಲ. ಅಲಿಪೇ ಆ್ಯಪನ್ನು ಇಲ್ಲೇ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿಕೊಂಡು ಹೋಗಿ. ಉಳಿಯೋಕೆ ಗೇಟಿನ ಹೊರಗಿನ ವುಲಿಂಗ್ಯುವಾನ್ ಪೇಟೆ ಸರಿ. ಒಂದು ಕಾಲದಲ್ಲಿ ಉದ್ಯಾನದ ಒಳಗೇ ಹೋಟೆಲುಗಳು ಎದ್ದಿದ್ದವು. 1998ರಲ್ಲಿ ಯುನೆಸ್ಕೊ ಕಡೆಯವರು ಬಂದು ನೋಡಿ ಇದೇನು ಅಂತ ತರಾಟೆಗೆ ತೆಗೆದುಕೊಂಡರು. ಆಮೇಲೆ ಎಷ್ಟೋ ಕಟ್ಟಡ ಕೆಡವಿಸಿದರು. ಇದನ್ನು ಬರೆಯುವಾಗ ನನಗೆ ತುಂಗಭದ್ರೆ ದಂಡೆ ನೆನಪಾಯಿತು, ಸುಮ್ನೆ ಹೇಳಿದೆ.

ಪ್ರಶ್ನೆ: ಕೋತಿ ಕಾಟ ಇದೆಯಾ?
(ಆನೆಗೊಂದಿ)

ಆನೆಗೊಂದಿಯವರು ಕೇಳೋ ಪ್ರಶ್ನೆಯಾ ಇದು! ಇವೆ, ಹಳ್ಳದ ದಾರಿಯಲ್ಲೇ ಕೂತಿರುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು. ನಮ್ಮವಕ್ಕಿಂತ ಮೈ ತುಂಬ ಕೂದಲು, ಬುದ್ಧಿ ಅದೇ.

ಪ್ರಶ್ನೆ: ಅಕ್ಕಾ, ಪಾಸ್‌ಪೋರ್ಟೂ ಇಲ್ಲ, ದುಡ್ಡೂ ಇಲ್ಲ. ಒಂದು ಭಾನುವಾರದಲ್ಲಿ ಬೈಕಿನಲ್ಲಿ ಹೋಗಿ ಬರೋ ಹಾಗೆ ಇಂಥದ್ದು ಏನಾದರೂ ಹೇಳಿ. ಹಂಪಿ ಅನ್ನಬೇಡಿ, ಹತ್ತು ಸಲ ನೋಡಿದ್ದೇವೆ.
(ಕುರುಗೋಡು)

ಹಂಪಿ ಅನ್ನೋದಿಲ್ಲ. ಮಳೆ ಬಿದ್ದಿದ್ದರೆ ಸಂಡೂರು. ನಾರಿಹಳ್ಳ ಗುಡ್ಡ ಸೀಳಿಕೊಂಡು ಬರೋ ಜಾಗಗಳಿವೆಯಲ್ಲ, ಭೀಮಗಂಡಿ, ಓಬಳಗಂಡಿ, ಅಲ್ಲಿ ನಿಂತು ಎರಡೂ ಕಡೆಯ ಕಲ್ಲಿನ ಗೋಡೆ ನೋಡಿ. ಅದು ಗ್ರಾನೈಟ್ ಅಲ್ಲ, ಕಬ್ಬಿಣದ ಕೆಂಪು ಕಲ್ಲು, ಪಟ್ಟೆ ಪಟ್ಟೆ. ಅದಿರಿನ ಲಾರಿಗಳಿಗೆ ಹುಷಾರು.

ಬಿಸಿಲು ಕಡಿಮೆ ಇರೋ ದಿನ ಹಿರೇಬೆಣಕಲ್. ಗಂಗಾವತಿಯಿಂದ ಹತ್ತಿರವೇ. ಊರಿಂದ ಗುಡ್ಡ ಹತ್ತಬೇಕು, ಬೆಳಿಗ್ಗೆ ಬೇಗ ಹೋಗಿ, ನೀರು ಒಯ್ಯಿರಿ, ಮೇಲೆ ಅಂಗಡಿ ಇಲ್ಲ. ಅಲ್ಲಿ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ನೂರಾರು ಕಲ್ಮನೆಗಳಿವೆ, ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದ್ದು. ಮೊರೇರ ಮನೆ ಅಂತಾರೆ. 2021ರಲ್ಲಿ ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿದೆ. ಮೇಲೆ ಒಂದು ದೊಡ್ಡ ಬಂಡೆಯ ತುದಿಯಲ್ಲಿ ಅರ್ಧಗೋಳದ ನಗಾರಿ ಕಲ್ಲು ಕೂತಿದೆ. ಅದನ್ನು ತಟ್ಟಿದರೆ ದೂರದವರೆಗೆ ಕೇಳುತ್ತದೆ. ಬಂಡೆ ಹತ್ತೋ ಸಾಹಸ ಬೇಡ, ಕೆಳಗಿಂದ ನೋಡಿ ಸಾಕು. ಬೆಳಿಗ್ಗೆ ಎಂಟಕ್ಕೆ ಹೋದರೆ ಮಧ್ಯಾಹ್ನದವರೆಗೆ ಅಲ್ಲೇ ಇರಿ. ಒಂದು ಕಲ್ಮನೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ, ಕಾಗದ, ಬಾಟಲಿ ವಾಪಸ್ ತನ್ನಿ. ಸೌತೆಕಾಯಿ ಮಾರೋ ಅಜ್ಜಿ ಅಲ್ಲಿ ಸಿಗೋದಿಲ್ಲ, ಗಂಗಾವತಿ ಸಂತೆಯಲ್ಲೇ ಕೊಂಡುಕೊಂಡು ಹೋಗಿ.